ಭಾನುವಾರಕ್ಕೆ ಕಟ್ಟಿಕೊಂಡ ಹರಕೆ

ಕ್ರಿಸ್ತನಲ್ಲಿ ಪ್ರಿಯರಾದವರೇ, ೧೯೫೪ರ ಮಳೆಗಾಲದಲ್ಲಿ ನನ್ನ ಬಲಗೈ ಕತ್ತರಿಸಬೇಕಾದೀತೆಂದು ಡಾಕ್ಟರು ಹೇಳಿದರು. ನಾನು ಹುಣಸೂರಿನಲ್ಲಿ ಹೆರಿಗೆ ಮಾಡಿಸುವ ನರ್ಸು. ಬಲಗೈ ಹೋದರೆ ನನ್ನಲ್ಲಿ ಉಳಿಯುವುದು ಬಾಯಿ ಒಂದೇ. ಅದೇನೋ ಬೇಕಾದಷ್ಟು ಜೋರಾಗಿದೆ ಎಂದು ನಮ್ಮ ಯಜಮಾನರು ಹೇಳುತ್ತಾರೆ, ಆದರೆ ಬಾಯಿಂದ ಹೆರಿಗೆ ಮಾಡಿಸಲಾಗುವುದಿಲ್ಲ.

ಶುರುವಾದದ್ದು ತೋರುಬೆರಳಿನ ಉಗುರುಸುತ್ತಿನಿಂದ. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಮೂರು ದಿನ ಓಡಾಡಿದೆ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಅವರ ಜನ್ಮ ಜಾಲಾಡುತ್ತಿದ್ದೆ. ನಾಲ್ಕನೆಯ ದಿನ ಮೊಣಕೈವರೆಗೆ ಬಾವು, ಮೈ ಸುಡುವ ಜ್ವರ. ನಮ್ಮ ಯಜಮಾನರು ಸ್ಕೂಲಿಗೆ ರಜಾ ಹಾಕಿ ನನ್ನನ್ನು ಮೈಸೂರಿನ ಬಸ್ಸು ಹತ್ತಿಸಿದರು. ಬಿಳಿಕೆರೆಯಲ್ಲಿ ಬಸ್ಸು ನಿಲ್ಲಿಸಿ ಇಂಜಿನ್ನಿಗೆ ನೀರು ಹೊಯ್ಯುತ್ತಿದ್ದಾಗ ಪಕ್ಕದಲ್ಲಿದ್ದ ಹೆಂಗಸು ನನ್ನ ಕೈ ನೋಡಿ, “ಅಯ್ಯೋ, ಯಾರ್ ಕಣ್ಣು ಬಿತ್ತವ್ವಾ ಈ ಕೈಗೆ?” ಎಂದಳು. ಕಣ್ಣು ಯಾರದೂ ಅಲ್ಲ, ಇದು ದೇವರು ಕೊಟ್ಟ ಶಿಕ್ಷೆ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ.

ಏಕೆಂದರೆ ಆ ವರ್ಷ ನಾನು ಭಾನುವಾರದ ಆರಾಧನೆಗೆ ಹೋದದ್ದೇ ಅಪರೂಪ. ಮಕ್ಕಳು ವಾರ ನೋಡಿಕೊಂಡು ಹುಟ್ಟುವುದಿಲ್ಲ. ಸಭೆಯವರೆಲ್ಲ ಎದ್ದು ನಿಂತು ಹಾಡುವ ಹೊತ್ತಿಗೆ ನಾನು ಯಾವುದೋ ಹಳ್ಳಿಯಲ್ಲಿ ಬಿಸಿನೀರಿಗಾಗಿ ಕೂಗಾಡುತ್ತಿರುತ್ತಿದ್ದೆ. ಆಮೇಲೆ ದಣಿದು ಬಂದು ಮಲಗಿದರೆ ವೇದಪುಸ್ತಕ ಬಿಚ್ಚುವಷ್ಟು ಹೊತ್ತೂ ಕಣ್ಣು ತೆರೆದಿರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಕೀವು ತೆಗೆದರು, ಪೆನಿಸಿಲಿನ್ ಚುಚ್ಚಿದರು. ಎರಡನೆಯ ದಿನ ಡಾಕ್ಟರು ಹಾಸಿಗೆ ಪಕ್ಕ ನಿಂತು, “ನಾಳೆವರೆಗೂ ನೋಡೋಣಮ್ಮ. ಬಾವು ಇನ್ನೂ ಮೇಲೇರಿದರೆ ಕೈ ಉಳಿಸೋ ಹಾಗಿಲ್ಲ” ಎಂದರು. ಇಂಥ ಮಾತುಗಳನ್ನು ನಾನು ಎಷ್ಟೋ ಜನಕ್ಕೆ ಮುಖ ಕೊಟ್ಟು ಹೇಳಿದ್ದೇನೆ. ಕೇಳಿಸಿಕೊಳ್ಳುವವರ ಪಾಡು ಏನೆಂದು ತಿಳಿದದ್ದು ಅವತ್ತೇ. ತುಂಬ ಹೆದರಿದೆ.

ಹಳ್ಳಿಗಳಲ್ಲಿ ಹೆರಿಗೆ ತಡವಾದಾಗ ಮುದುಕಿಯರು ಹರಕೆ ಹೊರುತ್ತಾರೆ. “ದೇವರ ಹತ್ತಿರ ವ್ಯಾಪಾರ ಬೇಡ, ಮೊದಲು ನೀರು ಕಾಯಿಸಿ” ಎಂದು ಗದರಿಸುತ್ತಿದ್ದವಳು ನಾನು. ಆ ನಾನೇ ಅವತ್ತು ಮಧ್ಯಾಹ್ನ ಗೋಡೆ ಕಡೆ ತಿರುಗಿ ಮಲಗಿ, “ಕರ್ತನೇ, ಈ ಕೈ ಉಳಿಸು. ಇನ್ನು ಒಂದು ಭಾನುವಾರವೂ ಆರಾಧನೆ ತಪ್ಪಿಸುವುದಿಲ್ಲ. ಯಾರು ಕರೆದರೂ ಮಧ್ಯೆ ಎದ್ದು ಹೋಗುವುದಿಲ್ಲ” ಎಂದು ಅತ್ತು ಕೇಳಿಕೊಂಡೆ.

ಮಾರನೆಯ ಬೆಳಿಗ್ಗೆ ಬಾವು ಒಂದು ಬೆರಳಗಲ ಇಳಿದಿತ್ತು. ಆ ವಾರ ಮುಗಿಯುವುದರೊಳಗೆ ಬೆರಳುಗಳನ್ನು ಮಡಿಸುವಂತಾದೆ. ಡಾಕ್ಟರು ಪೆನಿಸಿಲಿನ್ನಿನ ಗುಣ ಎಂದರು. ನಾನು ವಾದಕ್ಕೆ ಹೋಗಲಿಲ್ಲ. ಆ ಔಷಧಿಯನ್ನು ನನ್ನ ಹಾಸಿಗೆಯವರೆಗೆ ಕಳಿಸಿದವನು ಯಾರೆಂದು ನನಗೆ ಗೊತ್ತಿತ್ತು.

ಊರಿಗೆ ಬಂದ ಮೇಲೆ ಮೂರು ಭಾನುವಾರ ಹೆಂಗಸರ ಕಡೆಯ ಮೊದಲ ಸಾಲಿನಲ್ಲೇ ಕೂತೆ. ನಿಜ ಹೇಳುತ್ತೇನೆ, ನನ್ನ ಕಿವಿ ಸಭಾಪಾಲಕರು ಹೇಳುವ ಪ್ರಸಂಗದ ಕಡೆ ಇರಲಿಲ್ಲ, ರಸ್ತೆಯ ಕಡೆ ಇತ್ತು. ಎಲ್ಲಿ ಯಾರಾದರೂ ಕರೆಯಲು ಬಂದಾರೋ ಎಂದು ಒಳಗೊಳಗೇ ಹೆದರುತ್ತಿದ್ದೆ.

ನಾಲ್ಕನೆಯ ಭಾನುವಾರ ಎತ್ತಿನ ಗಾಡಿ ಬಂದೇಬಿಟ್ಟಿತು. ಪಿರಿಯಾಪಟ್ಟಣದ ರಸ್ತೆಯಲ್ಲಿ ಎರಡು ಮೈಲಿ ದೂರದ ಹಳ್ಳಿಯ ಶಿವಣ್ಣ. ಅವನ ಮೊದಲ ಮಗುವಿನ ಹೆರಿಗೆ ಮಾಡಿಸಿದ್ದೂ ನಾನೇ. ನಾನು ಎದ್ದು ಬಾಗಿಲವರೆಗೆ ಹೋದೆ, ಹೊಸ್ತಿಲು ದಾಟಲಿಲ್ಲ.

“ಮಗಾ ಕಾಲ್ ಮುಂದಾಗಿ ಬತ್ತಾ ಅದೆ ಕಣವ್ವ. ನಮ್ಮವ್ವಂಗೆ ಕೈಕಾಲೇ ಆಡ್ತಿಲ್ಲ.”

“ಆರಾಧನೆ ನಡೀತಾ ಇದೆ ಶಿವಣ್ಣ. ಮಧ್ಯೆ ಏಳೋದಿಲ್ಲ ಅಂತ ಹರಕೆ ಹೊತ್ತಿದ್ದೀನಿ” ಎಂದೆ.

ಅವನು ರೇಗಬೇಕಿತ್ತು. ರೇಗಿದ್ದರೆ ನಾನೂ ಎರಡು ಮಾತು ಆಡಿ ಒಳಗೆ ಹೋಗಿ ಕೂರುತ್ತಿದ್ದೆನೇನೋ. ಅವನು ಹಣೆಯ ವಿಭೂತಿಯ ಮೇಲೆ ಇಳಿಯುತ್ತಿದ್ದ ಬೆವರು ಒರೆಸಿಕೊಂಡು, “ಅಂಗಾ? ಪೂಜೆ ಮಧ್ಯೆ ಎದ್ರೆ ತಪ್ಪಾಯ್ತದೆ ಬುಡಿ. ಮುಗೀಲಿ, ನಾನ್ ಇಲ್ಲೇ ಕೂತಿರ್ತೀನಿ” ಎಂದ. ಚಪ್ಪಲಿಯನ್ನು ದೂರ ಬಿಟ್ಟು ಬಂದು, ನಮ್ಮ ದೇವಾಲಯದ ಬಾಗಿಲಿಗೆ ಮುಖ ಮಾಡಿ ನೆಲದ ಮೇಲೆ ಕೈಮುಗಿದು ಕೂತ.

ಅಲ್ಲಿ ಅವನ ಹೆಂಡತಿ ಒದ್ದಾಡುತ್ತಿದ್ದಾಳೆ, ಇಲ್ಲಿ ಅವನು ನನ್ನ ದೇವರಿಗೆ ಮರ್ಯಾದೆ ಕೊಟ್ಟು ಕಾಯುತ್ತಿದ್ದಾನೆ. ನನ್ನ ದೇವರು ಇಂಥ ಕಲ್ಲುಮನಸ್ಸಿನವನೆಂದು ಇವನಿಗೆ ತೋರಿಸಿಬಿಟ್ಟೆನಲ್ಲ ಎನ್ನಿಸಿ ನಾಚಿಕೆಯಿಂದ ಮುಖ ಸುಟ್ಟಿತು.

ಒಳಗೆ ಬಂದೆ. ಸಭಾಪಾಲಕರು ಪ್ರಸಂಗ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಎಲ್ಲರೆದುರೂ ಹರಕೆಯ ವಿಷಯ ಹೇಳಿದೆ. “ಅದನ್ನ ನಿಮ್ಮಿಂದ ಕೇಳಿದವರು ಯಾರಮ್ಮಾ?” ಎಂದರು. “ಹೊರಡಿ. ನಾವೆಲ್ಲ ಇಲ್ಲಿ ಪ್ರಾರ್ಥನೆ ಮಾಡ್ತಿರ್ತೀವಿ” ಎಂದರು.

ಮನೆಯಿಂದ ಚೀಲ ತೆಗೆದುಕೊಂಡು ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಬೆರಳು ಮಡಿಸಿ ಬಿಚ್ಚಿ ನೋಡುತ್ತಿದ್ದೆ. ಮಾತು ಮುರಿದಿದ್ದೇನೆ, ಕೊಟ್ಟ ಕೈಯನ್ನು ಆತನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ ಎಂಬ ಭಯ ಬಿಡಲೇ ಇಲ್ಲ. ಆ ಮನೆಯ ಕೋಣೆಗೆ ಹೋದ ಮೇಲೆ ಭಯಪಡಲು ಪುರುಸೊತ್ತು ಸಿಗಲಿಲ್ಲ. ಮಗು ಸೊಂಟದವರೆಗೆ ಬಂದು ನಿಂತಿತ್ತು. ಕೈ ತನಗೆ ಗೊತ್ತಿದ್ದ ಕೆಲಸ ಮಾಡಿತು. ನೀಲಿಗಟ್ಟಿದ್ದ ಹೆಣ್ಣುಮಗು ಬೆನ್ನು ಉಜ್ಜಿದ ಮೇಲೆ ಅತ್ತಿತು. ತಾಯಿ ಕಣ್ಣು ಬಿಟ್ಟು ನೀರು ಕೇಳಿದಳು.

ಶಿವಣ್ಣನ ತಾಯಿ ನನ್ನ ಬಲಗೈ ಹಿಡಿದು ಕಣ್ಣಿಗೊತ್ತಿಕೊಂಡರು. “ನನಗಲ್ಲ ಅವ್ವ, ನಮ್ಮ ದೇವರಿಗೆ” ಎಂದೆ.

“ಊಂ ಕಣವ್ವ, ಅವನ್ಗೇಯಾ. ತನ್ ಪೂಜೆ ಹೊತ್ನಲ್ಲಿ ನಿಮ್ಮನ್ನ ಎಬ್ಬಿಸಿ ನಮ್ಮನೇಗೆ ಕಳಿಸಿದ್ನಲ್ಲಾ!”

ಕೈಗೆ ಅವತ್ತೂ ಏನೂ ಆಗಲಿಲ್ಲ, ಆಮೇಲೂ ಆಗಲಿಲ್ಲ. ಕೈ ತೊಳೆಯಲು ಹಿತ್ತಲಿಗೆ ಹೋದವಳು ಅಲ್ಲೇ ನಿಂತು ಕರ್ತನಿಗೆ ಸ್ತೋತ್ರ ಸಲ್ಲಿಸಿದೆ. ಏನನ್ನಾದರೂ ಕೇಳಬೇಕೆಂಬುದೇ ನೆನಪಾಗಲಿಲ್ಲ. ಆ ವರ್ಷ ನಾನು ಮಾಡಿದ ಮೊದಲ ಆರಾಧನೆ ಅದೇ ಎಂದು ನಂಬಿದ್ದೇನೆ.