ಆವಲಪ್ಪ ಮೇಷ್ಟ್ರ ಹನ್ನೊಂದು ನೋಟುಬುಕ್ಕು

೧೯೪೮ರಲ್ಲಿ ನಾನೊಂದು ಸಮಿತಿಯ ಗುಮಾಸ್ತ. ಯುದ್ಧದ ಕಾಲದಲ್ಲಿ ಹಳ್ಳಿಯ ಹೆಂಗಸರು ಅಡುಗೆಮನೆ ಹೇಗೆ ತೂಗಿಸಿದರು ಎಂದು ಮನೆಮನೆಗೆ ಹೋಗಿ ಕೇಳಿ ವರದಿ ಬರೆಯಬೇಕಿತ್ತು. ಬಿಸಿಲು, ನಾಯಿ ಎರಡಕ್ಕೂ ಹೆದರುವವನು ನಾನು. ಜಡಿಗೇನಹಳ್ಳಿಯ ಆವಲಪ್ಪ ಮೇಷ್ಟ್ರು ನಾಲ್ಕು ವರ್ಷದ ಹಿಂದೆಯೇ ಯಾವುದೋ ಕಾಲೇಜಿನವರಿಗಾಗಿ ಊರ ಹೆಂಗಸರ ಊಟತಿಂಡಿಯ ಮಾತನ್ನೆಲ್ಲ ಬರೆದಿಟ್ಟಿದ್ದಾರೆಂದು ಕೇಳಿದ್ದೇ ತಡ, ಗಾಡಿ ಹತ್ತಿದೆ.

ಹನ್ನೊಂದು ನೋಟುಬುಕ್ಕು! ಮೇಷ್ಟ್ರು ಹೆಂಗಸರ ಮಾತನ್ನು ಆಡಿದ ಹಾಗೇ ಬರೆದು, ಪಕ್ಕದಲ್ಲಿ ತಾವು ಕಂಡದ್ದನ್ನೂ ಗೀಚುತ್ತಿದ್ದರು. ‘ಗಂಜಿಗೂ ಗತಿಯಿಲ್ಲ ಅಂದರು. ಒಳಗಿಂದ ಕೋಳಿಸಾರಿನ ಘಮ.’ ಪಿಳ್ಳಮ್ಮ ಎಂಬಾಕೆಯ ಪುಟದಲ್ಲಂತೂ, ಸರ್ಕಾರಕ್ಕೆ ಧಾನ್ಯ ವಸೂಲು ಮಾಡುವ ಲೆವಿಯವರ ಕಣ್ಣು ತಪ್ಪಿಸಿ ಬಣವೆಯ ಕೆಳಗೆ ರಾಗಿ ತುಂಬಿಟ್ಟ ನೆಲದಡಿಯ ಹಗೇವಿನ ಗುಟ್ಟೇ ಇತ್ತು.

ನಾನು ಚೀಲ ಬಿಚ್ಚಿದೆ. ಮೇಷ್ಟ್ರು ಪುಸ್ತಕದ ಮೇಲೆ ಕೈಯಿಟ್ಟರು.

“ಇಲ್ಲೇ ಓದಿ ಸ್ವಾಮಿ. ಒಯ್ಯೋ ಹಾಗಿಲ್ಲ. ಕೇಳದೆ ಬೇರೆ ಯಾರ ಕೈಗೂ ಕೊಡೋದಿಲ್ಲ ಅಂತ ಆ ಹೆಂಗಸರಿಗೆ ಮಾತು ಕೊಟ್ಟೀನಿ.”

“ಹೆಸರು ಬದಲಾಯಿಸ್ತೀನಿ ಮೇಷ್ಟ್ರೇ.”

“ಹೆಸರು ಬದಲಾದ್ರೆ ಬಣವೆ ಬದಲಾಗ್ತದಾ? ಜೋಡಿ ಹುಣಸೇಮರದ ಪಕ್ಕದ ಮನೆ ಅಂದ್ರೆ ನಮ್ಮೂರ ಎಮ್ಮೆಗೂ ಗೊತ್ತಾಗ್ತದೆ. ನಾಳೆ ಲೆವಿಯವರು ಬಂದ್ರೆ ನಾನು ಈ ಊರಲ್ಲಿ ಯಾವ ಮುಖ ಇಟ್ಕೊಂಡು ಪಾಠ ಹೇಳಲಿ? ಬನ್ನಿ, ಆ ಹೆಂಗಸರನ್ನೇ ಕೇಳೋಣ.”

ಬಿಸಿಲಲ್ಲಿ ಹೊರಟೆವು. ನಾಯಿಗಳೂ ಜೊತೆಗೆ ಬಂದವು.

ರಾಗಿ ಕೇರುತ್ತಿದ್ದ ಪಿಳ್ಳಮ್ಮನ ಮುಂದೆ ಕೂತು ಮೇಷ್ಟ್ರು ಅವಳದೇ ಮಾತನ್ನು ಓದಿದರು. ಹಗೇವು ಬಂದಾಗ ಅವರ ದನಿ ತಾನಾಗಿ ತಗ್ಗಿತು.

“ಅದಾ?” ಎಂದಳು ಪಿಳ್ಳಮ್ಮ. “ಅದನ್ನ ಮುಚ್ಚಿ ಎರಡು ವರ್ಸಾಯ್ತಲ್ಲಾ, ಮೇಲೆ ಕೊಟ್ಟಿಗೆನೇ ಕಟ್ಟೀವಿ. ಬೇಕಾದ್ರೆ ದೊಡ್ಡಕ್ಷರದಾಗೆ ಬರ್ಕೊಳ್ಳಲಿ.”

ಮೇಷ್ಟ್ರು ನಿಟ್ಟುಸಿರುಬಿಟ್ಟು ಮುಂದಿನ ಸಾಲು ಓದಿದರು. ಅದು ಓರಗಿತ್ತಿ ಪಾಪಕ್ಕನ ಸಾರಿನ ವಿಚಾರ. ಪಿಳ್ಳಮ್ಮನ ಕೈಯಿಂದ ಮೊರ ಜಾರಿತು.

“ಅಯ್ಯೋ, ಮೆತ್ತಗೆ ಓದಿ ಮೇಷ್ಟ್ರೇ! ಗೋಡೆಯಾಚೆ ಅವಳೇ ಇದ್ದಾಳೆ! ಆ ಸಾಲು ಹೊಡೆದಾಕಿ ಮೊದ್ಲು!”

“ಅಮ್ಮಾ, ಇಡೀ ಪುಸ್ತಕದಲ್ಲಿ ಅಷ್ಟು ಚೆಂದದ ಮಾತು ಇನ್ನೊಂದಿಲ್ಲ,” ಎಂದು ನಾನು ಗೋಗರೆದೆ.

“ಚೆಂದ ನಿಮ್ಗೆ. ನಾಳೆ ಬೆಳಗಾದ್ರೆ ಬೆಂಕಿ ಕೇಳೋಕೆ ನಾನು ಯಾರ ಮನೆಗೋಗ್ಲಿ?”

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ಆ ಸಾಲಿನ ಮೇಲೆ ಮಸಿ ಬಳಿದರು, ಒಂದಕ್ಷರವೂ ಕಾಣದಂತೆ. ಆಮೇಲೆ ಪಕ್ಕದಲ್ಲಿ ಬರೆದರು: ‘ಹೇಳಿದವರ ಅಪ್ಪಣೆಯಂತೆ ಅಳಿಸಿದೆ.’ ಎದ್ದು ನಿಂತು, “ಇನ್ನು ಮೂವತ್ತೆರಡು ಮನೆ ಸ್ವಾಮಿ,” ಎಂದರು.

ವರದಿಯನ್ನು ಮೇಲಿನವರು ಮೆಚ್ಚಿದರು. ಪಾಪಕ್ಕನ ಸಾರು ಹೇಗಿತ್ತೆಂದು ಅದರಲ್ಲಿಲ್ಲ. ಇಲ್ಲೂ ನಾನು ಹೇಳುವುದಿಲ್ಲ.