ಮೊಮ್ಮಗಳ ಹೆಸರಿನ ದೀಪ

ನಾನು ಫೋನಿನಲ್ಲಿ ಟೈಪ್ ಮಾಡಲು ಕಲಿತದ್ದು ಮೊಮ್ಮಗಳ ಹೋಂವರ್ಕ್ ಕದಿಯುವುದಕ್ಕೆ. ಸೊಸೆ ಯಾಕೆ ಎಂದು ಕೇಳಿದಾಗ ವಚನ ಬರೆದಿಟ್ಟುಕೊಳ್ಳುತ್ತೇನೆ ಅಂದಿದ್ದೆ. ಪಾಪ, ಅವಳು ನಂಬಿದಳು. ಒಂದು ಬೆರಳಲ್ಲಿ ಹೇಗೆ ಕುಟ್ಟಬೇಕು, ಒತ್ತಕ್ಷರ ಎಲ್ಲಿಂದ ಬರುತ್ತದೆ ಎಂದು ಮೂರು ಮಧ್ಯಾಹ್ನ ಪಕ್ಕದಲ್ಲಿ ಕೂತು ಕಲಿಸಿದಳು. ಇದನ್ನೂ ಅದೇ ಬೆರಳಲ್ಲಿ ಬರೆಯುತ್ತಿದ್ದೇನೆ. ವಚನ ಇನ್ನೂ ಒಂದೂ ಬರೆದಿಲ್ಲ.

ನಾವು ಬೀದರ್ ಜಿಲ್ಲೆಯವರು. ಮದುವೆಯಾಗಿ ನಾಸಿಕಕ್ಕೆ ಬಂದಾಗ ಯಜಮಾನರಿಗೆ ಊರ ಹೊರಗಿನ ಅಂಬಡ್‌ನಲ್ಲಿ ಕಾರ್ಖಾನೆ ಕೆಲಸ. ಅವರು ತೀರಿಕೊಂಡು ಆರು ವರ್ಷವಾಯಿತು. ಈಗ ಮಗನೂ ಅಲ್ಲೇ ಸ್ವಿಚ್‌ಬೋರ್ಡ್ ಮಾಡುವ ಒಂದು ಕಂಪನಿಯಲ್ಲಿದ್ದಾನೆ. ಮಗಳನ್ನು ಸಂಭಾಜಿನಗರಕ್ಕೆ ಕೊಟ್ಟಿದ್ದೇವೆ. ಅವಳ ಮಗಳು ಇಂಗ್ಲಿಷ್ ಶಾಲೆಯಲ್ಲಿ ಐದನೇ ಕ್ಲಾಸು. ಊಟಕ್ಕೆ ಬಾ, ಚಪ್ಪಲಿ ಎಲ್ಲಿ, ಸ್ನಾನ ಆಯಿತಾ ಎಂಬಷ್ಟು ಕನ್ನಡ ಅವಳಿಗೆ ತಿಳಿಯುತ್ತದೆ. ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ.

ನನ್ನ ಮರಾಠಿ ಹೇಗಿದೆ ಎಂದರೆ, ನಲವತ್ತು ವರ್ಷದ ಮೇಲೂ ಅದು ಕಾಯಿಪಲ್ಲೆ ಕೊಳ್ಳಲು ಮತ್ತು ಪಕ್ಕದ ಮನೆಯವರ ಮೊಣಕಾಲು ನೋವು ವಿಚಾರಿಸಲು ಸಾಕು. ಆ ಮರಾಠಿಯಲ್ಲಿ ನಾನು ಬಹಳ ಒಳ್ಳೆಯ ಮುದುಕಿ. ಬೈಯಲು ಬರುವುದಿಲ್ಲ, ಅಣಕಿಸಲು ಬರುವುದಿಲ್ಲ, ಸುಳ್ಳು ಕೂಡ ನೆಟ್ಟಗೆ ಹೇಳಲು ಬರುವುದಿಲ್ಲ. ಓಣಿಯ ಹೆಂಗಸರು ಏನೋ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರೆ, ನಾನು ಏನೂ ತಿಳಿಯದೆ "ಹೋ, ಹೋ", ಹೌದು ಹೌದು, ಎಂದು ತಲೆಯಾಡಿಸಿ ನಗುತ್ತೇನೆ. ಊರಲ್ಲಿ ಕೇಳಿ ನೋಡಿ. ನಾನು ಮದುವೆ ಮನೆಗೆ ಬಂದೆ ಎಂದರೆ ಬೀಗರು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅವರಲ್ಲಿ ಒಬ್ಬೊಬ್ಬರ ನಡಿಗೆ, ಕೆಮ್ಮು, ಜಂಬ ಎಲ್ಲವನ್ನೂ ನಾನು ಅಡುಗೆ ಮನೆಯಲ್ಲಿ ಮಾಡಿ ತೋರಿಸುತ್ತಿದ್ದೆ. ನಮ್ಮ ಅತ್ತೆ ಸಹ ನನ್ನ ಬಾಯಿಗೆ ಹೆದರಿ ಬೇಗ ಮಲಗುತ್ತಿದ್ದರು.

ಮೊಮ್ಮಗಳು ನನ್ನನ್ನು "ಗೋಡ್ ಆಜೀ" ಅನ್ನುತ್ತಾಳೆ. ಸಿಹಿ ಅಜ್ಜಿ ಅಂತ. ನನ್ನನ್ನು ಬಲ್ಲವರು ಯಾರೂ ಹೀಗೆ ಅನ್ನುವುದಿಲ್ಲ. ಅವಳು ಕಂಡಿರುವುದು ಆ ಮರಾಠಿಯ ಮುದುಕಿಯನ್ನು. ನಾನು ಸಾಯುವ ಮೊದಲು ಈ ಹುಡುಗಿಗೆ ನನ್ನ ಪರಿಚಯ ಆಗಬೇಕು ಎನ್ನುವುದೊಂದೇ ನನಗಿದ್ದ ಆಸೆ.

ಹೋದ ವರ್ಷ ನಮ್ಮ ಕನ್ನಡ ಮಂಡಳಿಯವರು ಮಕ್ಕಳಿಗಾಗಿ ಫೋನಿನಲ್ಲಿ ಒಂದು ಶಾಲೆ ಮಾಡಿದರು. ಮಾಡಿದವಳು ನಾಸಿಕದಲ್ಲೇ ಹುಟ್ಟಿ ಬೆಳೆದ ಇಂಜಿನಿಯರ್ ಹೆಣ್ಣುಮಗಳು. ಅವಳ ತಂದೆ ಕಲಬುರಗಿ ಕಡೆಯವರು. ಮಂಡಳಿಯ ಹಾಲ್‌ನಲ್ಲಿ ಪರದೆ ಕಟ್ಟಿ ನಮಗೆಲ್ಲ ತೋರಿಸಿದಳು. ದಿನಕ್ಕೆ ಒಂದೇ ಪಾಠ. ನಾಸಿಕ, ಮನ್ಮಾಡ್, ಲಾಸಲಗಾಂವ್, ಸಂಭಾಜಿನಗರದ ಐದೈದು ಮಕ್ಕಳನ್ನು ಸೇರಿಸಿ ಒಂದೊಂದು ಗುಂಪು. ಒಬ್ಬರು ಬರೆದದ್ದನ್ನು ಗುಂಪಿನ ಉಳಿದವರು ತಿದ್ದಬೇಕು. ಮೇಷ್ಟ್ರು ಯಾರೂ ಇಲ್ಲ, ಎಲ್ಲರೂ ಎಲ್ಲರಿಂದ ಕಲಿಯುವುದು. ಮಾತಾಡಿಕೊಳ್ಳಲು 'ಕಟ್ಟೆ' ಎಂಬ ಒಂದು ಜಾಗ ಇತ್ತು, ಅಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ಪ್ರತಿ ಮಗುವಿಗೂ ಮನೆಯ ಹಿರಿಯರೊಬ್ಬರು ಜೊತೆಗಾರರು, ಮಗುವಿನ ಪಾಠ ಎಲ್ಲಿಗೆ ಬಂತೆಂದು ಅವರ ಫೋನಿನಲ್ಲೂ ಕಾಣುತ್ತದೆ. ನನ್ನ ಮೊಮ್ಮಗಳಿಗೆ ನಾನು.

ಮತ್ತೆ ದೀಪ. ಮಗುವಿನ ಹೆಸರಿನ ಪಕ್ಕ ಒಂದು ಹಣತೆ. ದಿನದ ಪಾಠ ಮಾಡಿದರೆ ಉರಿಯುತ್ತಿರುತ್ತದೆ, ಒಂದು ದಿನ ತಪ್ಪಿದರೆ ಆರುತ್ತದೆ. ಬೇರೆ ಕಡೆಯ ಇಂಥ ಶಾಲೆಗಳಲ್ಲಿ ಬೆಂಕಿಯ ಚಿತ್ರ ಇರುತ್ತದಂತೆ, ನಮ್ಮದು ಅಂತ ಅನಿಸಲಿ ಎಂದು ಅವಳು ಹಣತೆ ಇಟ್ಟಿದ್ದಳು. ಎಲ್ಲರೂ ಚಪ್ಪಾಳೆ ಹೊಡೆದೆವು.

ಮೊದಲ ಹತ್ತು ದಿನ ಮೊಮ್ಮಗಳು ಪಾಠ ಮಾಡಿದಳು. ಹನ್ನೊಂದನೆಯ ದಿನ ಅವಳಿಗೆ ಶಾಲೆಯಲ್ಲಿ ಪರೀಕ್ಷೆ. ಅಂದು ಸಂಜೆ ನಾನು ವಿಭೂತಿ ಹಚ್ಚಿಕೊಳ್ಳುತ್ತಿರುವಾಗ ಫೋನು ಟಿಣ್ ಅಂತು. ಪರದೆಯ ಮೇಲೆ ಮೊಮ್ಮಗಳ ಹೆಸರು. ಅದರ ಮುಂದೆ, ಅವಳ ದೀಪ ಇಂದು ಆರಿಹೋಗಲಿದೆ ಎಂದು ಬರೆದಿತ್ತು.

ನಮ್ಮ ಮನೆಗಳಲ್ಲಿ ದೀಪ ಆರಿತು ಎಂಬ ಮಾತನ್ನೇ ಆಡುವುದಿಲ್ಲ. ಶಾಂತ ಆಯಿತು ಅನ್ನುತ್ತೇವೆ. ಅದರಲ್ಲೂ ಒಂದು ಹೆಣ್ಣುಕೂಸಿನ ಹೆಸರು ಹಿಡಿದು ಹಾಗೆ ಬರೆದರೆ ನನ್ನ ಕೈ ಸುಮ್ಮನಿರುತ್ತದೆಯೇ? ಮಗಳಿಗೆ ಫೋನು ಮಾಡಿ ಮೊಮ್ಮಗಳ ಪಾಸ್‌ವರ್ಡ್ ಇಸಕೊಂಡೆ. ಆ ದಿನದ ಪಾಠ ಮನೆಯ ವಸ್ತುಗಳ ಹೆಸರು. ನಾನು ಏಳನೇ ಕ್ಲಾಸು ಓದಿದವಳು, ಅಷ್ಟು ಬರದೇ ಇರುತ್ತದೆಯೇ? ದೀಪ ಉಳಿಯಿತು. ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು ದೇವರ ಮುಂದೆ ಒಂದು ದೀಪ ಹಚ್ಚಿದೆ, ಫೋನಿನಲ್ಲಿ ಒಂದು ಹಚ್ಚಿದೆ. ಹಾಗೇ ರೂಢಿಯಾಯಿತು. ಬರವಣಿಗೆಯ ಪಾಠ ಬಂದಾಗ ಸೊಸೆಗೆ ವಚನದ ಕಥೆ ಹೇಳಿದೆ.

ಕಳ್ಳತನಕ್ಕೆ ಇಳಿದ ಮೇಲೆ ಅಚ್ಚುಕಟ್ಟಾಗಿ ಮಾಡಬೇಕಲ್ಲ. ಮಗು ಬರೆದಂತೆ ಕಾಣಲಿ ಎಂದು ಬೇಕೆಂದೇ ತಪ್ಪು ಬರೆಯುತ್ತಿದ್ದೆ. 'ನಮ್ಮ ಮನೆಯ ಅಡುಗೆ' ಎಂಬ ಪಾಠಕ್ಕೆ, ನಮ್ಮ ಅಜ್ಜಿ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ರೊಟ್ಟಿ ಬಡಿಯುತ್ತಾಳೆ ಎಂದು ಬರೆದೆ. ತಿದ್ದಲು ಅದು ಮನ್ಮಾಡ್‌ನ ನಾಲ್ಕನೇ ಕ್ಲಾಸಿನ ಒಂದು ಹುಡುಗಿಗೆ ಹೋಯಿತು. ಸಂಜೆಯೊಳಗೆ ಉತ್ತರ ಬಂತು: "ತಣ್ಣೀರು ಹಾಕಿದ್ರ ರೊಟ್ಟಿ ಹರೀತಾವ. ಎಸರು ಕುದಿಸಿ ಹಾಕಿ ನಾದಬೇಕು. ನಿಮ್ಮ ಅಜ್ಜಿಗಿ ತವರಮನ್ಯಾಗ ಏನೂ ಕಲಿಸಿಲ್ಲೇನು?"

ನಾಲ್ಕನೇ ಕ್ಲಾಸಿನ ಯಾವ ಹುಡುಗಿ ತವರುಮನೆಯ ಮಾತು ತೆಗೆಯುತ್ತಾಳೆ? ಗುಂಪಿನ ಪಟ್ಟಿಯಲ್ಲಿ ನಂಬರ್ ಇತ್ತು. ಮಾಡಿದೆ. ಫೋನು ಎತ್ತಿದವರ ದನಿಗೆ ನನ್ನಷ್ಟೇ ವಯಸ್ಸು.

"ನಾಕನೆತ್ತಿ ಓದ್ತೀರೇನ್ರಿ ನೀವು?" ಅಂದೆ.

ಆ ಕಡೆಯಿಂದ, "ಹೌದ್ರಿ. ನೀವು ಐದನೆತ್ತಿ ಅಲ್ಲಾ?" ಅಂದರು.

ಅವರ ಯಜಮಾನರು ಮನ್ಮಾಡ್ ಸ್ಟೇಷನ್ನಿನಲ್ಲಿ ರೈಲ್ವೆ ಕೆಲಸದಲ್ಲಿದ್ದು ರಿಟೈರ್ ಆದವರಂತೆ. ಅವರ ಫೋನಿಗೂ ಮೊಮ್ಮಗಳ ದೀಪದ ಸುದ್ದಿ ಬಂದಿತ್ತಂತೆ, ಅವರೂ ಅಂದೇ ಪಾಠಕ್ಕೆ ಕೂತರಂತೆ. ಇಬ್ಬರೂ ಸೇರಿ ಉಳಿದ ಮೂವರನ್ನು ಪತ್ತೆ ಹಚ್ಚಿದೆವು. ಲಾಸಲಗಾಂವ್‌ನ ಈರುಳ್ಳಿ ವ್ಯಾಪಾರಿಯ ಅವ್ವ ಒಬ್ಬರು. ಸಂಭಾಜಿನಗರದ ಇಬ್ಬರು ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಿರು, ಎದುರುಬದುರು ಮನೆ, ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ ಮೊಮ್ಮಕ್ಕಳ ಪಾಠ ಮಾಡುತ್ತಿದ್ದರು. ನಮ್ಮ ಗುಂಪಿನ ಐದೂ ಮಕ್ಕಳು ಅಜ್ಜಿಯರು.

ಆ ನಾಲ್ಕೈದು ತಿಂಗಳು ನಾನು ಸುಖವಾಗಿದ್ದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಕಟ್ಟೆಯ ಮೇಲೆ ಮೊಮ್ಮಕ್ಕಳ ಹೆಸರು ಹೊತ್ತುಕೊಂಡು ಐದು ಮುದುಕಿಯರು ಶೇಂಗಾ ಹಿಂಡಿಗೆ ಬೆಳ್ಳುಳ್ಳಿ ಎಷ್ಟು ಎಂದು ಜಗಳವಾಡಿದೆವು. ಸೊಸೆಯರನ್ನು ಆಡಿಕೊಂಡೆವು. ಮಾತಿನ ಪಾಠ ಬಂದಾಗ, ಮಗು ತನ್ನ ದನಿಯಲ್ಲಿ ಒಂದು ಕಥೆ ಹೇಳಿ ಕಳಿಸಬೇಕಿತ್ತು. ನಾನು ಬಚ್ಚಲುಮನೆ ಬಾಗಿಲು ಹಾಕಿಕೊಂಡು ಮೂಗಿನಲ್ಲಿ ದನಿ ತೆಗೆದು ಹೇಳಿದೆ. ಲಾಸಲಗಾಂವ್‌ನವರು ಪೂರ್ತಿ ಅಂಕ ಕೊಟ್ಟು ಕೆಳಗೆ ಬರೆದಿದ್ದರು: "ಕೂಸು ಭಾಳ ಛಲೋ ಮಾತಾಡ್ಯದ. ಹಲ್ಲು ಯಾವಾಗ ಬರ್ತಾವ ಅದಕ್ಕ?"

ಬಿದ್ದು ಬಿದ್ದು ನಕ್ಕೆ. ನನ್ನನ್ನು ಮೀರಿಸುವವರು ಸಿಕ್ಕು ಎಷ್ಟೋ ವರ್ಷವಾಗಿತ್ತು. ಅಷ್ಟು ದಿನದಲ್ಲಿ ಮೊಮ್ಮಗಳ ಜೊತೆ ಕನ್ನಡದಲ್ಲಿ ನಾನು ಎಷ್ಟು ಮಾತಾಡಿದೆ ಎಂದು ಆಗ ಯೋಚಿಸಲಿಲ್ಲ.

ನಮ್ಮ ಗುಂಪು ಎಲ್ಲ ಗುಂಪುಗಳಿಗಿಂತ ಮೇಲೆ ಬಂತು. ಬರದೇ ಎಲ್ಲಿ ಹೋಗುತ್ತದೆ? ಮಂಡಳಿಯವರು ಒಂದು ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಫೋನಿನ ಪರದೆಯ ಮೇಲೆ ಸೇರಿಸಿ ಐದು ಮಕ್ಕಳನ್ನು ಮಾತಾಡಿಸುವುದೆಂದು ಮಾಡಿದರು. ಒಂದು ವಾರ ದಿನಾ ಫೋನು ಮಾಡಿ ಮೊಮ್ಮಗಳಿಗೆ ನಾಲ್ಕು ವಾಕ್ಯ ಉರು ಹೊಡೆಸಿದೆ. ಅವಳು ಹೇಳಿದ್ದನ್ನು ಹೇಳುತ್ತಿದ್ದಳು, ಮರುದಿನಕ್ಕೆ ಮರೆಯುತ್ತಿದ್ದಳು.

ಭಾನುವಾರ ಚಿಕ್ಕ ಚಿಕ್ಕ ಚೌಕಗಳಲ್ಲಿ ಎಲ್ಲರ ಮುಖ. ನನ್ನ ಮೊಮ್ಮಗಳು ಎರಡು ಜಡೆ ಹಾಕಿಕೊಂಡು ಕೂತಿದ್ದಳು. ಇಂಜಿನಿಯರ್ ಹುಡುಗಿ ಕನ್ನಡದಲ್ಲಿ, ಬೆಳಿಗ್ಗೆ ಏನು ತಿಂದೆ ಎಂದು ಕೇಳಿದಳು. ನಾವು ಉರು ಹೊಡೆದದ್ದರಲ್ಲಿ ಆ ಪ್ರಶ್ನೆ ಇರಲಿಲ್ಲ. ಇವಳು ಮರಾಠಿಯಲ್ಲಿ ಪೋಹೆ ಅಂದಳು. ಕನ್ನಡದಲ್ಲಿ ಹೇಳು ಎಂದರು. ಮೊಮ್ಮಗಳು ನನ್ನ ಚೌಕ ಎಲ್ಲಿದೆ ಎಂದು ಪರದೆಯ ಮೇಲೆ ಹುಡುಕಿದಳು. ನಾನು ಅವಲಕ್ಕಿ ಎಂದು ತುಟಿ ಅಲ್ಲಾಡಿಸಿದೆ. ಅದು ಅಷ್ಟು ಚಿಕ್ಕದಾಗಿ ಯಾರಿಗೆ ಕಾಣುತ್ತದೆ?

"ಸಗ್ಳಂ ಆಜೀನೆ ಕೇಲಂ," ಅಂದಳು. ಎಲ್ಲಾ ಅಜ್ಜಿಯೇ ಮಾಡಿದ್ದು. "ಮೀ ನಾಹೀ." ನಾನಲ್ಲ. ಅವಳ ದನಿಯಲ್ಲಿ ದೂರು ಇರಲಿಲ್ಲ. ಕೇಳಿದ್ದಕ್ಕೆ ನಿಜ ಹೇಳಿದಳು ಅಷ್ಟೆ.

ಮನ್ಮಾಡ್‌ನವರ ಚೌಕ ಕಪ್ಪಾಯಿತು. ನೆಗೆಣ್ಣಿಯರ ಎರಡು ಚೌಕ ಒಂದರ ಹಿಂದೊಂದು ಹೋದವು. ನನಗೆ ಕ್ಯಾಮೆರಾ ಬಂದ್ ಮಾಡುವ ಗುಂಡಿ ಸಿಗದೆ ನಾನು ಪೂರ್ತಿ ಹೊತ್ತು ಕಾಣುತ್ತಲೇ ಕೂತೆ.

ಇಂಜಿನಿಯರ್ ಹುಡುಗಿ ಬೈಯಲಿಲ್ಲ. ಸಂಜೆ ಫೋನು ಮಾಡಿದಳು. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳ ಕನ್ನಡ ನಿಧಾನ, ಎಡವುತ್ತ ಎಡವುತ್ತ ಬರುತ್ತದೆ.

"ಆಜೀ, ನಮ್ಮ ಮನ್ಯಾಗ ನಂಗ ಹೇಳ್ಕೊಡಾಕ ಯಾರೂ ಇರ್ಲಿಲ್ರಿ," ಅಂದಳು. "ಅದಕ್ಕ ಮಾಡಿದ್ದೆ ಇದನ್ನ. ದೀಪ ಆರಿತು ಅನ್ನಬಾರ್ದಂತ ನಂಗ ಗೊತ್ತಿರ್ಲಿಲ್ಲ."

ನಾನು, ನಿನ್ನ ತಪ್ಪೇನವ್ವಾ ಅಂದೆ.

ಮುಂದಿನ ವಾರ ಬಸ್ಸು ಹಿಡಿದು ಸಂಭಾಜಿನಗರಕ್ಕೆ ಹೋದೆ. ಮಗಳು ಸರಿಯಾಗಿ ಮಾತಾಡಲಿಲ್ಲ, ಚಹಾ ಕೊಟ್ಟು ಒಳಗೆ ಹೋದಳು. ಮೊಮ್ಮಗಳು ಶಾಲೆಯಿಂದ ಬಂದು ಪಕ್ಕ ಕೂತಳು. ಹತ್ತು ದಿನ ಚೆನ್ನಾಗಿ ಮಾಡಿ ಆಮೇಲೆ ಯಾಕೆ ಬಿಟ್ಟೆ ಎಂದು ಕೇಳಿದೆ. ಅವಳು ಮರಾಠಿಯಲ್ಲಿ ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಪರೀಕ್ಷೆ ಮುಗಿದ ಮೇಲೆ ದಿನಾ ಮಧ್ಯಾಹ್ನ ಶಾಲೆಯಿಂದ ಬಂದು ತೆರೆದು ನೋಡುತ್ತಿದ್ದಳಂತೆ. ಆ ದಿನದ ಪಾಠ ಆಗಲೇ ಮುಗಿದಿರುತ್ತಿತ್ತು. ದಿನಕ್ಕೆ ಒಂದೇ ಪಾಠ. ಎಷ್ಟೋ ದಿನ ನೋಡಿದಳಂತೆ. ಮಾಡಲು ಏನೂ ಉಳಿದಿರುತ್ತಿರಲಿಲ್ಲವಾದ್ದರಿಂದ ಆಮೇಲೆ ತೆರೆಯುವುದನ್ನೇ ಬಿಟ್ಟಳು.

ನಾನು ಬೆಳಿಗ್ಗೆ ಸ್ನಾನ ಮಾಡಿ ಹಚ್ಚುತ್ತಿದ್ದೆ. ಅವಳು ಮಧ್ಯಾಹ್ನ ಬರುತ್ತಿದ್ದಳು.

ಮುಖ ಸಣ್ಣದು ಮಾಡಿಕೊಂಡ ನನ್ನನ್ನು ನೋಡಿ ಅವಳಿಗೆ ಕನಿಕರ ಬಂತು. ನನ್ನ ಕೆನ್ನೆ ಹಿಂಡಿ ಗೋಡ್ ಆಜೀ ಅಂದು ಟ್ಯೂಷನ್‌ಗೆ ಹೋದಳು. ಮುಂದಿನ ವರ್ಷಕ್ಕೆ ಟ್ಯೂಷನ್ ಎರಡು ಆಗುತ್ತವಂತೆ.

ನಾಸಿಕಕ್ಕೆ ಬಂದ ಮರುದಿನ ಸ್ನಾನ ಮಾಡಿ ದೇವರ ದೀಪ ಮಾತ್ರ ಹಚ್ಚಿದೆ. ಫೋನು ತೆರೆದು ನೋಡಿದೆ. ಆ ದಿನದ ಪಾಠ ಐದು ಪದಗಳದ್ದು, ಎರಡು ನಿಮಿಷದ ಕೆಲಸ. ಮುಟ್ಟಲಿಲ್ಲ. ಮೊಮ್ಮಗಳಿಗೆ ಫೋನು ಮಾಡಿ ಪಾಠ ನಿನಗಾಗಿ ಇದೆ ಎಂದು ಹೇಳಿದೆ. ಹೂಂ ಅಂದಳು. ಮಧ್ಯಾಹ್ನವೆಲ್ಲ ಕಾಯಿಪಲ್ಲೆ ಸೋಸುತ್ತ ಫೋನನ್ನು ಎದುರಿಗೆ ಇಟ್ಟುಕೊಂಡು ಕೂತೆ. ಸಂಜೆ ಟಿಣ್ ಅಂತು, ಅದೇ ಮಾತು. ಕೈ ಸೀರೆಯ ಸೆರಗಿನಲ್ಲಿ ಸುತ್ತಿಕೊಂಡೆ.

ಬೆಳಿಗ್ಗೆ ನೋಡಿದಾಗ ಹಣತೆ ಕಪ್ಪಾಗಿತ್ತು. ನಾಲ್ಕು ದಿನ ಹಾಗೇ ಬಿಟ್ಟು ನೋಡಿದೆ. ಐದನೆಯ ದಿನ ಮೊಮ್ಮಗಳೇ ಫೋನು ಮಾಡಿದಳು. ಪಾಠದ ಮಾತಿರಬೇಕೆಂದು ಓಡಿ ಎತ್ತಿದೆ.

"ಆಜೀ, ತುಝಾ ದಿವಾ ವಿಝಲಾ," ಅಂದಳು. ಅಜ್ಜಿ, ನಿನ್ನ ದೀಪ ಆರಿತು. ಅವಳ ಅಮ್ಮನ ಫೋನಿಗೆ ಸುದ್ದಿ ಬಂದಿತ್ತು, ನನಗೆ ಗೊತ್ತಾಗಲಿ ಎಂದು ಹೇಳಿದಳು. ಅವಳ ಮಟ್ಟಿಗೆ ಅದು ಮೊದಲಿನಿಂದಲೂ ನನ್ನ ದೀಪವೇ.

ಅರವತ್ತೆಂಟು ವರ್ಷದ ಮುದುಕಿಗೆ ಹೀಗೆ ಯಾರಾದರೂ ಹೇಳುತ್ತಾರೆಯೇ? ನನಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಯವ್ವಾ, ಬತ್ತಿ ಇನ್ನಾ ಗಟ್ಟಿ ಅದ. ನಿಮ್ಮವ್ವ ಎಣ್ಣಿ ಹಾಕಲ್ಲ ನೋಡು, ಚಹಾದಾಗ ಸಕ್ರಿ ಹಾಕ್ಲಾಕೇ ಆಕಿ ಕೈ ನಡುಗ್ತದ. ಊದೋರು ಬಂದ್ರ ಹೇಳು, ಮೊದಲ ಅವರ ಮೀಸಿ ಸುಡ್ತೀನಿ."

ಮನ್ಮಾಡ್‌ನವರು ಕೇಳಿದ್ದರೆ ಇದಕ್ಕಿಂತ ಹರಿತವಾದದ್ದನ್ನು ತಿರುಗಿಸಿ ಹೊಡೆಯುತ್ತಿದ್ದರು. ನಮ್ಮ ಯಜಮಾನರು ಕೇಳಿದ್ದರೆ ಮೀಸೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಮೊಮ್ಮಗಳು ಮೆಲ್ಲಗೆ, ಬಹಳ ಮರ್ಯಾದೆಯಿಂದ ನಕ್ಕಳು.

"ಹೋ ಆಜೀ," ಅಂದಳು. "ಹೋ, ಹೋ."