ಹೊಲಿದು ಕೊಟ್ಟ ಎರಡು ಹಾಳೆ

ಮಂಡ್ಯದ ಹೈಸ್ಕೂಲಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಯಾರ ಕಾಂಪೋಸಿಷನ್ನಿಗೂ ನಂಬರು ಹಾಕುತ್ತಿರಲಿಲ್ಲ. ಕೊಡೆಯನ್ನು ಬೋರ್ಡಿನ ಮೂಲೆಗೆ ನೇತುಹಾಕಿ, ಕಿಟಕಿಯ ಬೆಳಕಿಗೆ ನಿಂತು, ನೋಟುಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದರು. ಓದಿ ಮುಗಿಸಿ ತಲೆಯೆತ್ತಿ ಕೇಳುತ್ತಿದ್ದದ್ದು ಒಂದೇ ಮಾತು: "ಆಮೇಲೆ?" ಅದಕ್ಕೆ ಉತ್ತರವೇ ಮುಂದಿನ ವಾರದ ಕಾಂಪೋಸಿಷನ್ನು.

ಒಮ್ಮೆ, ಹೊಸ ನಾಲೆಗೆ ಮೊದಲ ಸಲ ನೀರು ಬಂದದ್ದನ್ನು ಬರೆಯಲು ಹೇಳಿದರು. ಒಣಮಣ್ಣು ನೆಕ್ಕುತ್ತ ನೀರು ನಮ್ಮ ಮುಂದೆ ಹಾದುಹೋದದ್ದನ್ನು, ಅಜ್ಜಿ ಹೆದರಿ ಹಿಂದೆ ಸರಿದು ಕೈಮುಗಿದದ್ದನ್ನು ಬರೆದು ಕೊಟ್ಟೆ. ಅದೇ ವಾರ ನನಗೆ ಗಂಡು ಗೊತ್ತಾಯಿತು, ಸ್ಕೂಲು ಬಿಡಿಸಿದರು.

ಒಂದು ಸಂಜೆ ಮೇಷ್ಟ್ರೇ ನನ್ನ ನೋಟುಪುಸ್ತಕ ಹಿಡಿದು ಮನೆಗೆ ಬಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಲಗ್ನ ಇಟ್ಕೊಂಡಿದ್ದೀವಿ ಮೇಷ್ಟ್ರೇ. ಇನ್ನೇನ್ ಬರ್ದಾಳು, ಬುಡಿ," ಅಂದರು ಅಪ್ಪ.

"ಈಗಲೇ ಬೇಡ ಗೌಡರೇ. ಪುರುಸೊತ್ತಾದಾಗ ಬರೀಲಿ."

ಪುಸ್ತಕವನ್ನು ಜಗಲಿಯ ಮೇಲಿಟ್ಟು ಹೊರಟವರು, ಮರೆತ ಕೊಡೆಗಾಗಿ ಮತ್ತೆ ಬಂದು ಹೋದರು.

ಬಿಚ್ಚಿ ನೋಡಿದೆ. ನನ್ನ ಕೊನೆಯ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಅದೇ ಪ್ರಶ್ನೆ. ಪುಸ್ತಕದ ಹಾಳೆ ಮುಗಿದಿತ್ತೆಂದು ಹಿಂದೆ ಎರಡು ಹೊಸ ಹಾಳೆ ಸೇರಿಸಿ ದಾರದಲ್ಲಿ ಹೊಲಿದಿದ್ದರು.

ಮದುವೆಯಾಗಿ ಮಳವಳ್ಳಿಯ ಈ ಮನೆ ತುಂಬಿ ಎಷ್ಟೋ ವರ್ಷವಾಯಿತು. ಆ ಹಾಳೆಗಳು ಖಾಲಿಯಾಗಿಯೇ ಇವೆ. ಮೇಷ್ಟ್ರಿಗೆ ಹೇಳಲು ಈಗ ಬೇಕಾದಷ್ಟಿದೆ, ಇಂಗ್ಲಿಷೇ ಮರೆತುಹೋಗಿದೆ.